ಗರ್ಭಿಣಿ ಕುದುರೆಯಿಂದ ಅಂಟುಪಟ್ಟಿಯವರೆಗೆ

ನಲವತ್ತೈದು ದಾಟಿದ ಗೃಹಿಣಿ. ನಡುರಾತ್ರಿ ಇದ್ದಕ್ಕಿದ್ದಂತೆ ಎದೆಯಿಂದ ಮುಖದವರೆಗೆ ಬಿಸಿ ಏರುತ್ತದೆ, ಮೈಯೆಲ್ಲ ಬೆವರುತ್ತದೆ. ಫ್ಯಾನು ಹಾಕಿದರೆ ಐದು ನಿಮಿಷದಲ್ಲಿ ಚಳಿ. ಬೆಳಿಗ್ಗೆ ನಿದ್ದೆಯಿಲ್ಲದ ಕಣ್ಣು, ಕಾರಣವಿಲ್ಲದ ಸಿಡುಕು. ‘ಉಷ್ಣ ಆಗಿದೆ, ಮಜ್ಜಿಗೆ ಕುಡಿ’ ಎಂದು ಪಕ್ಕದ ಮನೆಯ ಹಿರಿಯರು ಹೇಳುತ್ತಾರೆ. ‘ಈಚೆಗೆ ಅಮ್ಮನಿಗೆ ಕೋಪ ಜಾಸ್ತಿ’ ಎಂದು ಮಕ್ಕಳು ಗೊಣಗುತ್ತಾರೆ. ಮುಟ್ಟು ನಿಲ್ಲುವ ಕಾಲದ ತೊಂದರೆ ನಮ್ಮ ಮನೆಗಳಲ್ಲಿ ಹೀಗೆ ಬೇರೆ ಬೇರೆ ಹೆಸರುಗಳಲ್ಲಿ ಮರೆಯಾಗಿಬಿಡುತ್ತದೆ.

ಇದಕ್ಕೆ ಔಷಧವಿಲ್ಲವೆಂದಲ್ಲ. ಹೊಟ್ಟೆಯ ಕೆಳಭಾಗಕ್ಕೋ ಪೃಷ್ಠಕ್ಕೋ ಅಂಟಿಸಿಕೊಳ್ಳುವ ಪುಟ್ಟ ಹಾರ್ಮೋನು ಪಟ್ಟಿ ಅಂಥದೊಂದು. ಆದರೆ ‘ಹಾರ್ಮೋನು’ ಎಂದೊಡನೆ ‘ಕ್ಯಾನ್ಸರ್ ಬರುತ್ತದಂತೆ’ ಎಂಬ ಮಾತೂ ಹಿಂದೆಯೇ ಬರುತ್ತದೆ. ಈ ಭಯ ಎಲ್ಲಿಂದ ಬಂತು, ಅದರಲ್ಲಿ ನಿಜವೆಷ್ಟು ಎಂದು ತಿಳಿಯಲು ಚಿಕಿತ್ಸೆಯ ಚರಿತ್ರೆಯನ್ನೇ ನೋಡಬೇಕು.

ಮುಟ್ಟು ನಿಲ್ಲುವುದಕ್ಕೆ ‘ಮೆನೊಪಾಸ್’ ಎಂಬ ಹೆಸರು ರೂಢಿಗೆ ಬಂದದ್ದು 1821ರಲ್ಲಿ, ಫ್ರಾನ್ಸಿನ ವೈದ್ಯ ಗಾರ್ಡಾನ್‌ನಿಂದ. ಆದರೆ ದೇಹದಲ್ಲಿ ಕಡಿಮೆಯಾಗುವುದು ಯಾವ ವಸ್ತು ಎಂದು ತಿಳಿಯಲು ಇನ್ನೂ ನೂರು ವರ್ಷ ಬೇಕಾಯಿತು. 1923ರಲ್ಲಿ ಅಮೆರಿಕದ ಎಡ್ಗರ್ ಅಲೆನ್ ಮತ್ತು ಎಡ್ವರ್ಡ್ ಡಾಯ್ಸಿ ಹಂದಿಯ ಅಂಡಾಶಯದ ದ್ರವದಲ್ಲಿ ಈ ಹಾರ್ಮೋನಿನ ಸುಳಿವು ಹಿಡಿದರು. 1929ರಲ್ಲಿ ಡಾಯ್ಸಿ ಮತ್ತು ಜರ್ಮನಿಯ ಅಡಾಲ್ಫ್ ಬ್ಯುಟೆನಾಂಟ್ ಒಬ್ಬರಿಗೊಬ್ಬರು ಸಂಬಂಧವಿಲ್ಲದೆ, ಗರ್ಭಿಣಿಯರ ಮೂತ್ರದಿಂದ ಒಂದು ಬಗೆಯ ಈಸ್ಟ್ರೋಜೆನ್ ಅನ್ನು ಶುದ್ಧ ರೂಪದಲ್ಲಿ ಬೇರ್ಪಡಿಸಿದರು.

ಔಷಧ ಕಂಪೆನಿಗಳಿಗೆ ಇದಕ್ಕಿಂತ ಅಗ್ಗದ ಮೂಲ ಬೇಕಿತ್ತು. ಅದು ಸಿಕ್ಕಿದ್ದು ಗರ್ಭಿಣಿ ಕುದುರೆಗಳಲ್ಲಿ. 1941ರಲ್ಲಿ ಕೆನಡಾದಲ್ಲಿ, 1942ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ‘ಪ್ರೆಮರಿನ್’ ಮಾತ್ರೆಯ ಹೆಸರೇ ಅದರ ಹುಟ್ಟನ್ನು ಹೇಳುತ್ತದೆ: ‘ಪ್ರೆಗ್ನೆಂಟ್ ಮೇರ್ಸ್ ಯೂರಿನ್’, ಅಂದರೆ ಗರ್ಭಿಣಿ ಕುದುರೆಯ ಮೂತ್ರ.

ಮಾತ್ರೆಯನ್ನು ಮನೆಮಾತಾಗಿಸಿದ್ದು ಒಂದು ಪುಸ್ತಕ. 1966ರಲ್ಲಿ ನ್ಯೂಯಾರ್ಕಿನ ವೈದ್ಯ ರಾಬರ್ಟ್ ವಿಲ್ಸನ್ ‘ಫೆಮಿನೈನ್ ಫಾರೆವರ್’ ಬರೆದ. ಮುಟ್ಟು ನಿಲ್ಲುವುದು ಸಕ್ಕರೆ ಕಾಯಿಲೆಯಂತೆ ಒಂದು ಕೊರತೆಯ ರೋಗ, ಈಸ್ಟ್ರೋಜೆನ್ ನುಂಗಿದರೆ ಹೆಣ್ತನ ಶಾಶ್ವತ ಎಂಬುದು ಅವನ ವಾದ. ಈ ವೈದ್ಯನಿಗೆ ಔಷಧ ಕಂಪೆನಿಯ ಹಣ ಸಂದಿತ್ತೆಂಬುದು ಬಹಳ ಕಾಲದ ನಂತರ ಬಯಲಾಯಿತು. ಅಷ್ಟರಲ್ಲಿ ಲಕ್ಷಾಂತರ ಹೆಂಗಸರು ಮಾತ್ರೆ ನುಂಗಿಯಾಗಿತ್ತು.

ಮೊದಲ ಪೆಟ್ಟು ಬಿದ್ದದ್ದು 1975ರಲ್ಲಿ. ಈಸ್ಟ್ರೋಜೆನ್ ಒಂದನ್ನೇ ತೆಗೆದುಕೊಂಡವರಲ್ಲಿ ಗರ್ಭಕೋಶದ ಒಳಪದರದ ಕ್ಯಾನ್ಸರ್ ಹಲವು ಪಟ್ಟು ಹೆಚ್ಚೆಂದು ಅಮೆರಿಕದ ಎರಡು ಅಧ್ಯಯನಗಳು ತೋರಿಸಿದವು. ಈಸ್ಟ್ರೋಜೆನ್ ಆ ಪದರವನ್ನು ಬೆಳೆಸುತ್ತದೆ. ಪ್ರೊಜೆಸ್ಟರಾನ್ ಅದಕ್ಕೆ ಕಡಿವಾಣ ಹಾಕುತ್ತದೆ. ಕಡಿವಾಣವಿಲ್ಲದೆ ಕುದುರೆ ಓಡಿಸಿದಂತಾಗಿತ್ತು. ಗರ್ಭಕೋಶ ಇರುವವರಿಗೆ ಎರಡನ್ನೂ ಕೊಡಬೇಕೆಂಬ ನಿಯಮ ಬಂದದ್ದು ಈ ಪಾಠದಿಂದ.

ಪಟ್ಟಿಯ ಕಥೆ ಶುರುವಾಗುವುದು ಇದೇ ಹೊತ್ತಿನಲ್ಲಿ. ಉರುಗ್ವೆಯಲ್ಲಿ ಹುಟ್ಟಿದ ವಿಜ್ಞಾನಿ ಅಲೆಹಾಂಡ್ರೊ ಜಫರೋನಿ 1968ರಲ್ಲಿ ಅಮೆರಿಕದಲ್ಲಿ ‘ಆಲ್ಜಾ’ ಎಂಬ ಕಂಪೆನಿ ತೆರೆದ. ಔಷಧವನ್ನು ಒಮ್ಮೆಲೇ ಸುರಿಯುವ ಬದಲು ಹನಿಹನಿಯಾಗಿ ಕೊಡಬೇಕೆಂಬುದು ಅವನ ಕನಸು. ಪ್ರಯಾಣದ ವಾಂತಿ ತಡೆಯುವ ಅವನ ಕಂಪೆನಿಯ ಪಟ್ಟಿಗೆ 1979ರಲ್ಲಿ ಒಪ್ಪಿಗೆ ದೊರೆಯಿತು. 1986ರಲ್ಲಿ ಈಸ್ಟ್ರೋಜೆನ್ ಪಟ್ಟಿ ‘ಎಸ್ಟ್ರಾಡರ್ಮ್’ ಅಮೆರಿಕದ ಮಾರುಕಟ್ಟೆಗೆ ಬಂತು.

ಪಟ್ಟಿಯಿಂದ ಆದ ಲಾಭವೇನು? ನುಂಗಿದ ಮಾತ್ರೆ ಕರುಳಿನಿಂದ ನೇರ ಯಕೃತ್ತಿಗೆ ಹೋಗುತ್ತದೆ. ಅಲ್ಲಿ ಬಹುಪಾಲು ರೂಪ ಕಳೆದುಕೊಳ್ಳುವುದಲ್ಲದೆ, ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನುಗಳ ತಯಾರಿಕೆಯನ್ನೂ ಹೆಚ್ಚಿಸುತ್ತದೆ. ಚರ್ಮದ ದಾರಿಯಲ್ಲಿ ಬಂದ ಹಾರ್ಮೋನು ಮೊದಲು ರಕ್ತಕ್ಕೇ ಸೇರುತ್ತದೆ. ಆದ್ದರಿಂದ ಒಂದು ಮಿಲಿಗ್ರಾಂ ಮಾತ್ರೆ ಮಾಡುವ ಕೆಲಸವನ್ನು ದಿನಕ್ಕೆ 50 ಮೈಕ್ರೊಗ್ರಾಂ, ಅಂದರೆ ಅದರ ಇಪ್ಪತ್ತನೇ ಒಂದು ಪಾಲು ಬಿಡುವ ಪಟ್ಟಿ ಮಾಡಬಲ್ಲದು.

ಎರಡನೆಯ ಪೆಟ್ಟು 2002ರ ಜುಲೈನಲ್ಲಿ. ಅಮೆರಿಕದಲ್ಲಿ 16,608 ಮಹಿಳೆಯರ ಮೇಲೆ ನಡೆಯುತ್ತಿದ್ದ ಅಧ್ಯಯನವನ್ನು ಅರ್ಧಕ್ಕೇ ನಿಲ್ಲಿಸಲಾಯಿತು. ಸ್ತನ ಕ್ಯಾನ್ಸರ್ ಶೇ 26ರಷ್ಟು ಹೆಚ್ಚೆಂದು ಸುದ್ದಿ ಹಬ್ಬಿತು. ಲೆಕ್ಕ ಬಿಡಿಸಿದರೆ ಅದು ವರ್ಷಕ್ಕೆ 10,000 ಮಹಿಳೆಯರಲ್ಲಿ 8 ಹೆಚ್ಚುವರಿ ಪ್ರಕರಣ. ಪಾರ್ಶ್ವವಾಯುವಿನ ಹೆಚ್ಚಳವೂ 8. ಸೊಂಟದ ಮೂಳೆ ಮುರಿತ ಮಾತ್ರ 5 ಕಡಿಮೆಯಾಗಿತ್ತು. ಅಧ್ಯಯನದಲ್ಲಿದ್ದವರ ಸರಾಸರಿ ವಯಸ್ಸು 63. ಪರೀಕ್ಷಿಸಿದ್ದು ಕುದುರೆಮೂಲದ ಈಸ್ಟ್ರೋಜೆನ್ ಇದ್ದ ಮಾತ್ರೆಯನ್ನು, ಪಟ್ಟಿಯನ್ನಲ್ಲ. ಈ ವಿವರಗಳು ಯಾರ ಕಿವಿಗೂ ಬೀಳಲಿಲ್ಲ. 2003ರಲ್ಲಿ ಅಲ್ಲಿ ಎಲ್ಲ ಈಸ್ಟ್ರೋಜೆನ್ ಔಷಧಗಳ ಮೇಲೂ ಕಪ್ಪು ಚೌಕಟ್ಟಿನ ಎಚ್ಚರಿಕೆ ಬಂತು. ಕಣ್ಣುಮುಚ್ಚಿ ನುಂಗಿದ ತಲೆಮಾರಿನ ಹಿಂದೆಯೇ ಕಣ್ಣುಮುಚ್ಚಿ ಬಿಟ್ಟ ತಲೆಮಾರೂ ಬಂತು. ಮಾತ್ರೆಯಂತೆ ಪಟ್ಟಿಯಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚುವುದಿಲ್ಲವೆಂದು ಫ್ರಾನ್ಸಿನ ‘ಎಸ್ತರ್’ ಅಧ್ಯಯನ ಮುಂದೆ ಹೇಳಿತು. 2025ರ ನವೆಂಬರ್‌ನಲ್ಲಿ ಕಪ್ಪು ಚೌಕಟ್ಟಿನ ಬಹುಭಾಗವನ್ನು ತೆಗೆಯುವುದಾಗಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯೇ ಪ್ರಕಟಿಸಿತು.

ಹಾಗೆಂದು ಪಟ್ಟಿ ನಿರಪಾಯಕಾರಿಯೆಂದು ಭಾವಿಸಬೇಕಿಲ್ಲ. ಎರಡೂ ಹಾರ್ಮೋನುಗಳನ್ನು ದೀರ್ಘಕಾಲ ಬಳಸಿದರೆ ಸ್ತನ ಕ್ಯಾನ್ಸರ್ ಅಪಾಯ ತುಸು ಹೆಚ್ಚುತ್ತದೆ. ಪಟ್ಟಿಯೆಂಬ ಕಾರಣಕ್ಕೆ ಅದು ಇಲ್ಲವಾಗದು. ಸ್ತನ ಕ್ಯಾನ್ಸರ್ ಬಂದವರು, ಯಕೃತ್ತಿನ ಕಾಯಿಲೆ ಇರುವವರು, ಕಾರಣ ತಿಳಿಯದ ರಕ್ತಸ್ರಾವವಿರುವವರು ಸಾಮಾನ್ಯವಾಗಿ ಇದನ್ನು ಬಳಸುವಂತಿಲ್ಲ. ಹಿಂದೆ ರಕ್ತ ಹೆಪ್ಪುಗಟ್ಟಿದ್ದರೆ ಅದನ್ನು ವೈದ್ಯರಿಗೆ ಮೊದಲೇ ಹೇಳಬೇಕು. ಅರವತ್ತರೊಳಗೆ ಅಥವಾ ಮುಟ್ಟು ನಿಂತು ಹತ್ತು ವರ್ಷದೊಳಗೆ ಆರಂಭಿಸಿದವರಿಗೆ ಲಾಭ ಹೆಚ್ಚು, ಅಪಾಯ ಕಡಿಮೆ.

ಬಳಸುವ ಕ್ರಮ ಸರಳ. ಎಣ್ಣೆ, ಪೌಡರು ಇಲ್ಲದ ಒಣ ಚರ್ಮಕ್ಕೆ, ಸೊಂಟದಿಂದ ಕೆಳಗೆ ಅಂಟಿಸಬೇಕು. ಸ್ತನದ ಮೇಲೆ ಎಂದೂ ಕೂಡದು. ಪ್ರತಿ ಬಾರಿ ಜಾಗ ಬದಲಿಸಬೇಕು. ವಾರಕ್ಕೊಮ್ಮೆಯೋ ಎರಡು ಬಾರಿಯೋ ಎಂಬುದು ಪಟ್ಟಿಯ ತಯಾರಿಕೆಯನ್ನು ಅವಲಂಬಿಸಿದೆ. ಅದರ ಮೇಲೆ ಬಿಸಿನೀರಿನ ಚೀಲ ಇಡಬಾರದು. ತೆಗೆದ ಪಟ್ಟಿಯಲ್ಲಿ ಹಾರ್ಮೋನು ಉಳಿದಿರುತ್ತದೆ. ಅಂಟಿನ ಭಾಗ ಒಳಗಾಗುವಂತೆ ಮಡಚಿ ಮಕ್ಕಳ ಕೈಗೆ ಸಿಗದಂತೆ ಎಸೆಯಬೇಕು. ಮುಟ್ಟು ನಿಂತು ವರ್ಷವಾದ ಮೇಲೆ ರಕ್ತ ಕಂಡರೆ ‘ಹೋದದ್ದು ಮತ್ತೆ ಬಂತು’ ಎಂದು ಸುಮ್ಮನಿರದೆ ಪರೀಕ್ಷೆ ಮಾಡಿಸಬೇಕು.

ಪಾಶ್ಚಾತ್ಯರಲ್ಲಿ ಸರಾಸರಿ 51ಕ್ಕೆ ನಿಲ್ಲುವ ಮುಟ್ಟು ಭಾರತದಲ್ಲಿ 46ರ ಆಸುಪಾಸಿಗೇ ನಿಲ್ಲುತ್ತದೆ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮೂವತ್ತು ಮೂವತ್ತೈದಕ್ಕೇ ಗರ್ಭಕೋಶ ತೆಗೆಸಿಕೊಂಡವರೂ ಇದ್ದಾರೆ. ಜೊತೆಗೆ ಅಂಡಾಶಯವೂ ಹೋಗಿದ್ದರೆ ಈ ತೊಂದರೆ ರಾತ್ರೋರಾತ್ರಿ ಮೈಮೇಲೆ ಬೀಳುತ್ತದೆ. ಅಂಥವರಿಗೆ ಮಜ್ಜಿಗೆಯ ಜೊತೆಗೆ ಮಾಹಿತಿಯೂ ಬೇಕು. ಬೇಕೋ ಬೇಡವೋ ಎಂಬುದನ್ನು ಹಳೆಯ ಪುಸ್ತಕವೂ ತೀರ್ಮಾನಿಸಬಾರದು, ಹಳೆಯ ಭಯವೂ ತೀರ್ಮಾನಿಸಬಾರದು. ವೈದ್ಯರ ಎದುರು ಕೂತು ‘ನನಗೆ ಹೀಗಾಗುತ್ತಿದೆ’ ಎಂದು ಬಾಯಿಬಿಟ್ಟು ಹೇಳುವುದರಿಂದ ಅದು ಶುರುವಾಗಬೇಕು.