ಗಡ್ಡೆ ತೆಗೆದ ಕುಳಿಗೆ ವಿಕಿರಣ

ಶ್ವಾಸಕೋಶ, ಸ್ತನಗಳ ಕ್ಯಾನ್ಸರ್ ಮಿದುಳಿಗೂ ಹರಡುವುದುಂಟು. ಆ ಗಡ್ಡೆ ತೆಗೆದರೂ ಕುಳಿಯ ಅಂಚಿನಲ್ಲಿ ಕೆಲವು ರೋಗಕೋಶಗಳು ಉಳಿದಿರಬಹುದು. 1998ರಲ್ಲಿ ಅಮೆರಿಕದ ಪ್ಯಾಚೆಲ್ ತಂಡ, ಒಂದೇ ಗಡ್ಡೆಯಿದ್ದ 95 ರೋಗಿಗಳ ಅಧ್ಯಯನ ಪ್ರಕಟಿಸಿತು. ಬರೀ ಶಸ್ತ್ರಕ್ರಿಯೆಯಾದವರಲ್ಲಿ ಶೇ. 70 ಮಂದಿಗೆ ಮಿದುಳಿನಲ್ಲಿ ರೋಗ ಮರುಕಳಿಸಿತು. ಆನಂತರ ಇಡೀ ಮಿದುಳಿಗೆ ವಿಕಿರಣ ಪಡೆದವರಲ್ಲಿ ಶೇ. 18 ಮಂದಿಗೆ ಮಾತ್ರ. ಆದರೆ ಆಯುಷ್ಯ ಹೆಚ್ಚಲಿಲ್ಲ. ಇಂಥ ವಿಕಿರಣದಿಂದ ಜ್ಞಾಪಕಶಕ್ತಿಗೂ ಪೆಟ್ಟು.

ಸ್ವೀಡನ್ನಿನ ಲಾರ್ಸ್ ಲೆಕ್ಸೆಲ್, ಹಲವು ದಿಕ್ಕಿನ ತೆಳು ಕಿರಣಗಳು ಒಂದೇ ಬಿಂದುವಿನಲ್ಲಿ ಸಂಧಿಸುವ ಉಪಾಯವನ್ನು 1951ರಲ್ಲೇ ಸೂಚಿಸಿದ್ದರು. (ಭೂತಗನ್ನಡಿಯ ಹೋಲಿಕೆ ಇಲ್ಲಿ ಸಲ್ಲದು, ಗಾಮಾ ಕಿರಣ ಗಾಜಿನ ಮಸೂರಕ್ಕೆ ಬಾಗುವುದಿಲ್ಲ.) ಇದನ್ನು ಕುಳಿಗಷ್ಟೇ ಕೊಟ್ಟರೆ ಹೇಗೆ? 2017ರ ಪರೀಕ್ಷೆಯಲ್ಲಿ ಆರು ತಿಂಗಳ ನಂತರ ಗ್ರಹಣಶಕ್ತಿ ಕುಂದಿದ್ದು ಶೇ. 52 ಮಂದಿಯಲ್ಲಿ, ಇಡೀ ಮಿದುಳಿಗೆ ಕೊಟ್ಟಾಗ ಶೇ. 85. ಬದುಕಿದ ಅವಧಿ ಹೆಚ್ಚುಕಡಿಮೆ ಒಂದೇ.

ಲೆಕ್ಸೆಲ್‌ರ ಗಾಮಾ ನೈಫ್ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದೆ. ರಾಯಚೂರು ಜಿಲ್ಲೆಯ ಬಾಗಲವಾಡದಿಂದ ಅಲ್ಲಿಗೆ ಸುಮಾರು 400 ಕಿ.ಮೀ.