ನೆಲವೂ ಡೊಂಕಿರಬಹುದು



ಕೂಡ್ಲಿಗಿಯ ಬಸ್ ನಿಲ್ದಾಣದಲ್ಲಿಯೋ ಹಡಗಲಿಯ ಒಂದು ಚಹಾದಂಗಡಿಯ ಮುಂದೆಯೋ ಅರ್ಧ ಗಂಟೆ ನಿಂತು ಜನರ ಮಾತಿಗೆ ಕಿವಿಗೊಡಿ. ರಸ್ತೆಯ ಮೇಲೆ ಹೋಗುವ ಪ್ರತಿಯೊಂದು ವಾಹನಕ್ಕೂ ನಾವು ಒಂದೊಂದು ಜಾತಕ ಬರೆದಿಟ್ಟಿದ್ದೇವೆ ಎಂಬುದು ಗೊತ್ತಾಗುತ್ತದೆ. ಲಾರಿಯವನು ಕುಡಿದೇ ಇರುತ್ತಾನೆ. ಟ್ರ್ಯಾಕ್ಟರಿನವನಿಗೆ ಹಿಂದೆ ಬರುವವರ ಪರಿವೆಯಿಲ್ಲ. ಖಾಸಗಿ ಬಸ್ಸಿನವನು ಯಮನಿಗೂ ದಾರಿ ಬಿಡುವುದಿಲ್ಲ. ಬೈಕಿನ ಹುಡುಗನಿಗೆ ಪ್ರಾಣದ ಆಸೆಯಿಲ್ಲ. ಸ್ಕೂಟರಿನ ಹೆಣ್ಣುಮಗಳಿಗೆ ಬ್ರೇಕು ಯಾವುದೆಂದೇ ತಿಳಿಯದು. ದೊಡ್ಡ ಬಿಳಿ ಕಾರಿನವರು ರಸ್ತೆಯನ್ನೂ ಕಾರಿನ ಜೊತೆಗೇ ಕೊಂಡುಕೊಂಡಿದ್ದಾರೆ. ವಾಹನವನ್ನು ನೋಡಿದರೆ ಸಾಕು, ಒಳಗಿರುವವನ ಗುಣ ತಿಳಿಯಿತು ಎಂಬುದು ನಮ್ಮ ನಂಬಿಕೆ.

ಇಂತಹ ಅಚ್ಚೊತ್ತಿದ ಅಭಿಪ್ರಾಯಕ್ಕೆ ಇಂಗ್ಲಿಷಿನಲ್ಲಿ ‘ಸ್ಟೀರಿಯೋಟೈಪ್’ ಎನ್ನುತ್ತಾರೆ. ಈ ಪದ ಹುಟ್ಟಿದ್ದು ಮುದ್ರಣಾಲಯದಲ್ಲಿ. ಮೊಳೆ ಜೋಡಿಸಿದ ಒಂದು ಪುಟವನ್ನು ಲೋಹದ ಗಟ್ಟಿ ಫಲಕವಾಗಿ ಎರಕ ಹೊಯ್ದು ಅದೇ ಪುಟವನ್ನು ಮತ್ತೆ ಮತ್ತೆ ಒತ್ತುವ ವಿಧಾನಕ್ಕೆ ಫ್ರಾನ್ಸಿನಲ್ಲಿ ಹದಿನೆಂಟನೆಯ ಶತಮಾನದ ಕೊನೆಗೆ ಈ ಹೆಸರು ಬಂತು. 1922ರಲ್ಲಿ ಅಮೆರಿಕದ ಪತ್ರಕರ್ತ ವಾಲ್ಟರ್ ಲಿಪ್‌ಮನ್ ಅದನ್ನು ಮನಸ್ಸಿನೊಳಗಿನ ಸಿದ್ಧಚಿತ್ರಗಳಿಗೆ ಅನ್ವಯಿಸಿದರು. ಒಮ್ಮೆ ಎರಕ ಹೊಯ್ದ ಫಲಕದಲ್ಲಿ ಒಂದು ಅಕ್ಷರವನ್ನು ತಿದ್ದುವುದೂ ಸುಲಭವಲ್ಲ. ನಮ್ಮ ಅಭಿಪ್ರಾಯಗಳ ಪಾಡೂ ಹಾಗೆಯೇ.

ರಸ್ತೆಯ ಬಗೆಗಿನ ಈ ಅಭಿಪ್ರಾಯಗಳು ಎಲ್ಲಿಂದ ಬಂದವು? ಅವುಗಳಲ್ಲಿ ಸತ್ಯವೆಷ್ಟು? ಚರಿತ್ರೆಯ ಪುಟಗಳನ್ನು ತಿರುವಿ ನೋಡೋಣ.

ಎತ್ತಿನ ಗಾಡಿಯಿಂದ ಮೋಟಾರಿನವರೆಗೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿಗಳ ಸೀಮೆ 1953ರ ಅಕ್ಟೋಬರ್ 1ರವರೆಗೆ ಮದರಾಸಿಗೆ ಸೇರಿತ್ತು. ಅಂದು ಮೈಸೂರು ರಾಜ್ಯಕ್ಕೆ ಬಂತು. 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಯಲ್ಲಿ ಈಗ ಈ ಐದೂ ತಾಲ್ಲೂಕುಗಳಿವೆ. ಕೊಟ್ಟೂರಿನ ತೇರಿಗೂ ಮೈಲಾರದ ಕಾರ್ಣಿಕಕ್ಕೂ ಎತ್ತಿನ ಗಾಡಿಗಳ ಸಾಲು ಹೊರಡುವುದನ್ನು ನಿಮ್ಮ ಅಜ್ಜ ಅಜ್ಜಿಯರು ವರ್ಣಿಸಿರಬೇಕು. ರಾತ್ರಿಯೆಲ್ಲ ಸಾಗುವ ಗಾಡಿಯಲ್ಲಿ ಹೊಡೆಯುವವನು ತೂಕಡಿಸಿದರೂ ಎತ್ತುಗಳು ದಾರಿ ತಪ್ಪುತ್ತಿರಲಿಲ್ಲ. ಆಗ ಅದನ್ನು ಯಾರೂ ತಪ್ಪೆನ್ನಲಿಲ್ಲ. ಆ ರಸ್ತೆಗೆ ಮೋಟಾರು ಬಂದೊಡನೆ ಅದೇ ತೂಕಡಿಕೆ ಅಪರಾಧವಾಯಿತು. ‘ಗಾಡಿಯವರು ನಿದ್ದೆಬುರುಕರು’ ಎಂಬ ಮಾತು ಹುಟ್ಟಿತು. ಬದಲಾದದ್ದು ಗಾಡಿಯವನ ಗುಣವಲ್ಲ, ಅವನ ಪಕ್ಕದಲ್ಲಿ ಹಾದುಹೋಗುವ ವಾಹನದ ವೇಗ ಎಂಬುದನ್ನು ಗಮನಿಸಿ.

ಮೋಟಾರಿನ ತವರಾದ ಯುರೋಪಿನಲ್ಲಿ ದೂರು ತಿರುಗುಮುರುಗಾಗಿತ್ತು. ಅಲ್ಲಿ ಹೊಸ ಯಂತ್ರವೇ ಆರೋಪಿ. ಬ್ರಿಟನ್ನಿನಲ್ಲಿ 1865ರ ಕಾಯಿದೆಯಂತೆ ಯಂತ್ರದಿಂದ ಚಲಿಸುವ ಗಾಡಿಯ ಮುಂದೆ ಒಬ್ಬ ಮನುಷ್ಯ ಕೆಂಪು ಬಾವುಟ ಹಿಡಿದು ನಡೆಯಬೇಕಾಗಿತ್ತು. ವೇಗ ಊರ ಹೊರಗೆ ಗಂಟೆಗೆ 4 ಮೈಲಿ, ಊರೊಳಗೆ 2 ಮೈಲಿ ಮೀರುವಂತಿರಲಿಲ್ಲ. 1896ರಲ್ಲಿ ಈ ಬಿಗಿ ಸಡಿಲವಾಯಿತು. ಆಮೇಲೆ ಹಣವಂತರ ಕಾರುಗಳು ಹಳ್ಳಿಯ ಕೋಳಿ, ನಾಯಿ, ಮಕ್ಕಳ ನಡುವೆ ಧೂಳೆಬ್ಬಿಸತೊಡಗಿದವು. ‘ಕಾರಿನವನು ಸೊಕ್ಕಿನವನು’ ಎಂಬ ಅಚ್ಚು ಎರಕಗೊಂಡದ್ದು ಆಗ. ನಮ್ಮಲ್ಲಿ 1914ರಲ್ಲಿ ಭಾರತೀಯ ಮೋಟಾರು ವಾಹನ ಕಾಯಿದೆ ಬಂತು. 1939ರಲ್ಲಿ ಅದರ ಜಾಗಕ್ಕೆ ಇನ್ನೊಂದು, 1988ರಲ್ಲಿ ಮತ್ತೊಂದು. ಕಾಯಿದೆಗಳು ಬದಲಾದರೂ ಚಹಾದಂಗಡಿಯ ತೀರ್ಪುಗಳು ಬದಲಾಗಲಿಲ್ಲ.

ಹೆಂಗಸರು ಗಾಡಿ ಓಡಿಸಲಾರರು ಎಂಬ ಹಾಸ್ಯವನ್ನೇ ತೆಗೆದುಕೊಳ್ಳಿ. ಮೋಟಾರು ಕಾರಿನಲ್ಲಿ ಮೊಟ್ಟಮೊದಲ ದೂರಪ್ರಯಾಣ ಮಾಡಿದವರು ಒಬ್ಬ ಹೆಂಗಸು. 1888ರ ಆಗಸ್ಟಿನಲ್ಲಿ ಜರ್ಮನಿಯ ಬರ್ತಾ ಬೆಂಜ್ ತಮ್ಮ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು, ಗಂಡ ಕಾರ್ಲ್ ಬೆಂಜ್ ರಚಿಸಿದ ಮೂರು ಗಾಲಿಯ ಕಾರಿನಲ್ಲಿ ಮನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ 100 ಕಿಲೋಮೀಟರಿಗೂ ಮಿಗಿಲಾದ ದಾರಿಯನ್ನು ಕ್ರಮಿಸಿದರು. ಇಳಿಜಾರಿನಲ್ಲಿ ಮರದ ಬ್ರೇಕು ಸವೆದಾಗ ಚಮ್ಮಾರನೊಬ್ಬನಿಂದ ಅದಕ್ಕೆ ತೊಗಲಿನ ಪಟ್ಟಿ ಹೊಡೆಸಿದರು. ಬ್ರೇಕಿಗೆ ಮೇಲುಹೊದಿಕೆ ಬಂದದ್ದು ಹೀಗೆ. ಬ್ರೇಕು ಯಾವುದೆಂದು ತಿಳಿಯದು ಎಂದು ನಾವು ನಗುವುದು ಈ ಹೆಣ್ಣುಮಕ್ಕಳ ಕುಲವನ್ನು! ನಮ್ಮ ನೆರೆಯ ತಮಿಳುನಾಡಿನಲ್ಲಿ 1993ರಲ್ಲಿಯೇ ಎಂ. ವಸಂತಕುಮಾರಿಯವರು ಸರ್ಕಾರಿ ಬಸ್ಸಿನ ಚಾಲಕಿಯಾಗಿ ಸ್ಟೀರಿಂಗ್ ಹಿಡಿದರು.

ಅದಿರಿನ ಲಾರಿಗಳ ಕಾಲ

ಈಗ ನಮ್ಮ ಸೀಮೆಗೇ ಬರೋಣ. ಈ ಶತಮಾನದ ಮೊದಲ ದಶಕದಲ್ಲಿ ಚೀನಾದಲ್ಲಿ ಉಕ್ಕಿಗೆ ಅಪಾರ ಬೇಡಿಕೆ ಬಂತು. ಸಂಡೂರು–ಹೊಸಪೇಟೆಯ ಗಣಿಗಳಿಂದ ಕಬ್ಬಿಣದ ಅದಿರು ಬೇಲೆಕೇರಿ, ಕಾರವಾರ, ಮಂಗಳೂರಿನಂತಹ ಬಂದರುಗಳತ್ತ ಹರಿಯಿತು. ಹೊಸಪೇಟೆಯಿಂದ ಕೂಡ್ಲಿಗಿಯ ಮೇಲೆ ಚಿತ್ರದುರ್ಗಕ್ಕೆ ಹೋಗುವ, ಆಗ 13ನೆಯ ಸಂಖ್ಯೆಯಿದ್ದ, ಈಗ 50ನೆಯ ಸಂಖ್ಯೆಯ ರಾಷ್ಟ್ರೀಯ ಹೆದ್ದಾರಿ ಕೆಂಪು ಧೂಳಿನಿಂದ ತುಂಬಿತು. ‘ಅದಿರಿನ ಲಾರಿಯವನು’ ಎಂಬುದು ಬೈಗುಳವೇ ಆಗಿಹೋಯಿತು.

ಆ ದಿನಗಳಲ್ಲಿ ಒಂದು ಕಾರ್ಯಕ್ರಮದ ಚಿತ್ರೀಕರಣಕ್ಕೆಂದು ನಾನು ಈ ರಸ್ತೆಯ ಬದಿಯಲ್ಲಿ ಒಂದು ದಿನ ಕಳೆದೆ. ಕೈಯಲ್ಲೊಂದು ನೋಟ್‌ಬುಕ್. ಅಡ್ಡಾದಿಡ್ಡಿ ಓಡುವ ಲಾರಿಗಳನ್ನು ಗುರುತು ಹಾಕಿಕೊಳ್ಳುತ್ತ ಹೋದೆ. ಸಂಜೆ ಹೊತ್ತಿಗೆ ಪುಟ ತುಂಬಿತ್ತು, ನನ್ನ ಅಭಿಪ್ರಾಯವೂ ಗಟ್ಟಿಯಾಗಿತ್ತು. ಆದರೆ ರಾತ್ರಿ ಆ ಪುಟವನ್ನು ನೋಡುತ್ತ ಕುಳಿತಾಗ ವಿಜ್ಞಾನ ಓದಿದ ನನಗೆ ನಾಚಿಕೆಯಾಯಿತು. ಸರಿಯಾಗಿ ಹೋದ ಲಾರಿಗಳನ್ನು ನಾನು ಎಣಿಸಿಯೇ ಇರಲಿಲ್ಲ! ಅಡ್ಡಬಂದ ಕಾರುಗಳೂ ನನ್ನ ಪುಟದಲ್ಲಿರಲಿಲ್ಲ. ಹುಡುಕಲು ಹೋದದ್ದನ್ನಷ್ಟೇ ಕಂಡಿದ್ದೆ.

ಮರುದಿನ ಢಾಬಾವೊಂದರಲ್ಲಿ ಮಾತಿಗೆ ಸಿಕ್ಕ ಚಾಲಕರೊಬ್ಬರು ನನ್ನ ಪ್ರಶ್ನೆಗಳನ್ನೆಲ್ಲ ಕೇಳಿಸಿಕೊಂಡು, ಲಾರಿ ತಾವು ಆರಿಸಿದ್ದಲ್ಲ, ಲೋಡು ತಾವು ಹೇಳಿದ್ದಲ್ಲ, ಹೊತ್ತೂ ತಮ್ಮದಲ್ಲ, ತಪ್ಪು ಮಾತ್ರ ತಮ್ಮದು ಎಂದರು. ಅವರಿಗೆ ಸಿಗುತ್ತಿದ್ದುದು ಟ್ರಿಪ್ಪಿನ ಲೆಕ್ಕದ ದುಡ್ಡು. ಟ್ರಿಪ್ಪು ಹೆಚ್ಚಾದರೆ ಹಣ ಹೆಚ್ಚು, ನಿದ್ದೆ ಕಡಿಮೆ.

ಅವರ ಮಾತನ್ನು ಭೌತಶಾಸ್ತ್ರದ ತಕ್ಕಡಿಯಲ್ಲಿಟ್ಟು ನೋಡೋಣ. ಆಗಿನ ನಿಯಮದಂತೆ ಆರು ಗಾಲಿಯ ಲಾರಿಯ ಒಟ್ಟು ತೂಕ 16.2 ಟನ್ ಮೀರಬಾರದಿತ್ತು. ಹಿಂದಿನ ಅಚ್ಚಿನ ಮೇಲೆ 10.2 ಟನ್. ಭಾರ ಒಂದೂವರೆ ಪಟ್ಟಾದರೆ ಅದೇ ವೇಗದಲ್ಲಿ ಲಾರಿಯ ಚಲನಶಕ್ತಿಯೂ ಒಂದೂವರೆ ಪಟ್ಟು. ಅಷ್ಟನ್ನೂ ಅದೇ ಬ್ರೇಕುಗಳು ಶಾಖವಾಗಿಸಿ ಕರಗಿಸಬೇಕು. ಇಳಿಜಾರಿನಲ್ಲಿ ಬ್ರೇಕು ಕಾದು ಹಿಡಿತ ತಪ್ಪಿದರೆ ಚಾಲಕನ ಕೌಶಲವೆಷ್ಟಿದ್ದರೂ ನಡೆಯದು.

ರಸ್ತೆಯ ಪಾಡು ಇನ್ನೂ ಕಷ್ಟದ್ದು. 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಪರೀಕ್ಷಾರ್ಥ ರಸ್ತೆಗಳ ಮೇಲೆ ಲಾರಿಗಳನ್ನು ಓಡಿಸಿ ಪ್ರಯೋಗ ನಡೆಸಿದರು. ರಸ್ತೆಗಾಗುವ ಹಾನಿ ಅಚ್ಚಿನ ಭಾರದ ಸುಮಾರು ನಾಲ್ಕನೆಯ ಘಾತದಂತೆ ಏರುತ್ತದೆ ಎಂಬುದು ಅದರಿಂದ ತಿಳಿಯಿತು. ಭಾರ ಒಂದೂವರೆ ಪಟ್ಟಾದರೆ ಹಾನಿ ಸುಮಾರು ಐದು ಪಟ್ಟು. ಲೆಕ್ಕ ನೀವೇ ಮಾಡಿ ನೋಡಿ. ಹೀಗೆ ಭಾರದಿಂದ ಗುಂಡಿ, ಗುಂಡಿ ತಪ್ಪಿಸಲು ಅಡ್ಡಾದಿಡ್ಡಿ ಓಟ, ಅಡ್ಡಾದಿಡ್ಡಿ ಓಟ ಕಂಡವರಿಂದ ‘ಕುಡಿದಿದ್ದಾನೆ’ ಎಂಬ ತೀರ್ಪು. ಸರಪಣಿಯ ಕೊನೆಯ ಕೊಂಡಿಯಷ್ಟೇ ನಮ್ಮ ಕಣ್ಣಿಗೆ ಬೀಳುತ್ತದೆ.

ಮಿತಿಮೀರಿದ ಭಾರದ ವಿಷಯ ಕೊನೆಗೆ ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆಯವರ ಗಣಿ ವರದಿಗಳಲ್ಲಿಯೂ ಬಂತು. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರಿನ ರಫ್ತನ್ನು ನಿಷೇಧಿಸಿತು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಹಿಡಿಯಿತು. ಸಾಲ ಮಾಡಿ ಕೊಂಡ ಲಾರಿಗಳು ಸಾಲುಸಾಲಾಗಿ ನಿಂತವು. ಚಾಲಕರು ಬೇರೆ ವಾಹನ, ಬೇರೆ ಕೆಲಸ ಹುಡುಕಿಕೊಂಡರು. ಅದಿರಿನ ಲಾರಿ ಬಿಟ್ಟು ಊರಿನ ಟ್ರ್ಯಾಕ್ಟರ್ ಹತ್ತಿದವನ ಗುಣ ಒಂದೇ ರಾತ್ರಿಯಲ್ಲಿ ಬದಲಾಯಿತೆ? ಬದಲಾದದ್ದು ಅವನ ಬೆನ್ನ ಹಿಂದಿದ್ದ ಭಾರ ಮತ್ತು ಅವಸರ.

ಇಲ್ಲೊಂದು ಮುಖ್ಯವಾದ ಮಾತಿದೆ. ‘ಎಂಥ ಮನುಷ್ಯನೋ ಅಂಥ ವಾಹನವನ್ನು ಆರಿಸುತ್ತಾನೆ’ ಎನ್ನುವುದು ಆರಿಸುವ ಶಕ್ತಿ ಇರುವವರ ಮಟ್ಟಿಗೆ ಸ್ವಲ್ಪ ನಿಜವಿರಬಹುದು. ವೇಗದ ಹುಚ್ಚಿನ ಹುಡುಗ ವೇಗದ ಬೈಕನ್ನೇ ಕೇಳುತ್ತಾನೆ. ಆದರೆ ನಮ್ಮ ತಾಲ್ಲೂಕುಗಳಲ್ಲಿ ಸ್ಟೀರಿಂಗ್ ಹಿಡಿದ ಬಹುತೇಕರಿಗೆ ಅದು ಆರಿಸಿದ ವಾಹನವಲ್ಲ, ಸಿಕ್ಕಿದ ವಾಹನ. ಹೊತ್ತಿಗೆ ಸರಿಯಾಗಿ ಬಸ್ಸಿಲ್ಲದ ಹಳ್ಳಿಗಳವರು ಟಂಟಂನಲ್ಲಿ, ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಮದುವೆಗೂ ಜಾತ್ರೆಗೂ ಕೂಲಿಗೂ ಹೋಗುತ್ತಾರೆ. ಸರಕು ಸಾಗಿಸಲು ಮಾಡಿದ ಟ್ರೇಲರು ಉರುಳಿದ ಸುದ್ದಿ ಓದಿದಾಗ ‘ಓಡಿಸುವವನಿಗೆ ಬುದ್ಧಿ ಬೇಡವೆ’ ಎನ್ನುತ್ತೇವೆ. ‘ಅವರಿಗೆ ಬಸ್ಸು ಏಕಿರಲಿಲ್ಲ’ ಎಂದು ಕೇಳುವುದು ಅಪರೂಪ.

ಕುದುರೆಯ ಒದೆತದ ಲೆಕ್ಕ

‘ಆ ಗಾಡಿ ಎರಡು ಸಲ ಉರುಳಿದೆ, ಅವನ ಕೈಗುಣವೇ ಸರಿಯಿಲ್ಲ’ ಎಂಬ ಮಾತನ್ನು ಕೇಳಿದ್ದೀರಲ್ಲವೆ? ಇದಕ್ಕೆ ಉತ್ತರವಾಗಿ ಒಂದು ಹಳೆಯ ಲೆಕ್ಕವನ್ನು ನೆನಪಿಸುತ್ತೇನೆ. 1898ರಲ್ಲಿ ಲಾಡಿಸ್ಲಾಸ್ ಬೋರ್ಟ್‌ಕೀವಿಚ್ ಎಂಬ ಸಂಖ್ಯಾಶಾಸ್ತ್ರಜ್ಞರು ಪ್ರಷ್ಯಾದ ಸೈನ್ಯದಲ್ಲಿ ಕುದುರೆ ಒದ್ದು ಸತ್ತ ಸೈನಿಕರ ಲೆಕ್ಕವನ್ನು ಪ್ರಕಟಿಸಿದರು. ಹತ್ತು ದಳಗಳು, ಇಪ್ಪತ್ತು ವರ್ಷ. ಅಂದರೆ ಒಟ್ಟು 200 ದಾಖಲೆಗಳು. ಅವುಗಳಲ್ಲಿ 109ರಲ್ಲಿ ಒಂದು ಸಾವೂ ಇಲ್ಲ. 65ರಲ್ಲಿ ಒಂದು, 22ರಲ್ಲಿ ಎರಡು, 3ರಲ್ಲಿ ಮೂರು, ಒಂದರಲ್ಲಿ ಮಾತ್ರ ನಾಲ್ಕು ಸಾವು. ಆ ಒಂದು ದಳದ ಕುದುರೆಗಳೇ ಕೆಟ್ಟವೆ, ಸವಾರರೇ ದಡ್ಡರೆ? ಎಲ್ಲ ದಳಗಳಲ್ಲಿಯೂ ಅಪಾಯ ಒಂದೇ ಸಮನಾಗಿದೆ ಎಂದಿಟ್ಟುಕೊಂಡು ಪಾಯ್ಸಾನ್ ಸೂತ್ರದಿಂದ ಲೆಕ್ಕ ಹಾಕಿದರೆ ಕ್ರಮವಾಗಿ ಸುಮಾರು 109, 66, 20, 4 ಮತ್ತು 1 ಬರುತ್ತದೆ! ಯಾರ ತಪ್ಪೂ ಹೆಚ್ಚಿಲ್ಲದಿದ್ದರೂ ಅದೃಷ್ಟಗೇಡಿತನ ಒಬ್ಬನ ತಲೆಯ ಮೇಲೆ ಹೆಚ್ಚಾಗಿ ಬೀಳಬಹುದು. ನಿಜವಾಗಿಯೂ ಅಪಾಯಕಾರಿಯಾದ ಚಾಲಕರು ಇಲ್ಲವೆಂದಲ್ಲ. ಒಂದೆರಡು ಘಟನೆಗಳಿಂದ ಅವರನ್ನು ಗುರುತಿಸಲಾಗದು ಎಂಬುದು ಇದರ ಪಾಠ.

ಬೈಯುವುದರಿಂದ ಏನು ನಷ್ಟ?

ಬೈದರೆ ಬಾಯಿ ನೋಯುತ್ತದೆ, ಅಷ್ಟೇ ತಾನೆ ಎಂದೀರಿ. ಅಷ್ಟೇ ಅಲ್ಲ. ತಪ್ಪಿತಸ್ಥ ಸಿಕ್ಕನೆಂದು ಸಮಾಧಾನವಾದೊಡನೆ ವಿಚಾರಣೆ ನಿಂತುಹೋಗುತ್ತದೆ. ಗುಂಡಿ, ದೀಪವಿಲ್ಲದ ಟ್ರೇಲರು, ತಿರುವಿನಲ್ಲಿ ಕಾಣದ ಫಲಕ, ನಿದ್ದೆಗೆಟ್ಟ ಕೆಲಸದ ಹೊತ್ತು ಎಲ್ಲವೂ ಇದ್ದಲ್ಲಿಯೇ ಉಳಿದು ಮುಂದಿನವನಿಗಾಗಿ ಕಾಯುತ್ತವೆ. 2022ರಲ್ಲಿ ಭಾರತದಲ್ಲಿ ರಸ್ತೆ ಅಪಘಾತಗಳಿಂದ ಸತ್ತವರು 1,68,491 ಮಂದಿ. ಅವರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದವರು. ನೂರಕ್ಕೆ 19ಕ್ಕೂ ಹೆಚ್ಚು ಮಂದಿ ಯಾವ ವಾಹನವನ್ನೂ ಆರಿಸದ ಪಾದಚಾರಿಗಳು.

1966ರಲ್ಲಿ ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆಯ ಮೊದಲ ಮುಖ್ಯಸ್ಥರಾದ ವಿಲಿಯಂ ಹ್ಯಾಡನ್ ವೃತ್ತಿಯಿಂದ ವೈದ್ಯರು. ರೋಗಿಯನ್ನು ಬೈದು ಮಲೇರಿಯ ಹೋಗಿಸಲಾಗದು, ಸೊಳ್ಳೆಯನ್ನೂ ನಿಂತ ನೀರನ್ನೂ ನೋಡಬೇಕು. ಅಪಘಾತಕ್ಕೂ ಅವರು ಇದೇ ವಿಧಾನ ಹಿಡಿದರು. ಅಪಘಾತದ ಮೊದಲು, ಆ ಕ್ಷಣ, ಆನಂತರ ಎಂಬ ಮೂರು ಹಂತಗಳಲ್ಲಿ ಮನುಷ್ಯ, ವಾಹನ, ಪರಿಸರ ಈ ಮೂರನ್ನೂ ಪರೀಕ್ಷಿಸುವ ಕೋಷ್ಟಕವೊಂದನ್ನು ಅವರು ರಚಿಸಿದರು. ಮೂರು ಮೂರಲ ಒಂಬತ್ತು ಮನೆ. ನಮ್ಮ ಚಹಾದಂಗಡಿಯ ಚರ್ಚೆ ಒಂದೇ ಮನೆಯಲ್ಲಿ ಮುಗಿದುಹೋಗುತ್ತದೆ.

ಆದರೆ ನಮಗೆ ಈ ವಿವೇಕ ಇಲ್ಲವೇ ಇಲ್ಲ ಎನ್ನಲಾಗದು. 2017ರ ಫೆಬ್ರುವರಿಯಲ್ಲಿ ಕೊಟ್ಟೂರೇಶ್ವರನ ತೇರು ಎಳೆಯುವಾಗಲೇ ಉರುಳಿಬಿತ್ತು. ಅಂದು ತೇರೆಳೆದವರ ಗುಣವನ್ನು ಯಾರೂ ಹಳಿಯಲಿಲ್ಲ. ಎಲ್ಲರ ಕಣ್ಣೂ ಗಾಲಿ ಅಚ್ಚುಗಳ ಕಡೆ ಹೋಯಿತು. ದೇವರ ತೇರಿಗೆ ಕೇಳಿದ ಈ ಪ್ರಶ್ನೆಯನ್ನು ಬಡವನ ಟ್ರ್ಯಾಕ್ಟರಿಗೂ ಕೇಳಬಾರದೇಕೆ?

ಹಾಗೆಂದು ಕುಡಿದು ಓಡಿಸುವವನಿಗೆ, ಮೊಬೈಲಿನಲ್ಲಿ ಮಾತಾಡುತ್ತ ತಿರುವು ತಿರುಗಿಸುವವನಿಗೆ ನಾನು ವಕಾಲತ್ತು ಹಾಕುತ್ತಿಲ್ಲ. ಅವರಿಗೆ ಶಿಕ್ಷೆಯಾಗಲೇಬೇಕು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಗಾದೆ ನಿಮಗೆ ಗೊತ್ತು. ನೆಪ ಹೇಳುವವರಿಗೆ ಅದು ಒಳ್ಳೆಯ ಏಟು. ಆದರೆ ಕುಣಿದವರೆಲ್ಲ ಒಂದೇ ಜಾಗದಲ್ಲಿ ಎಡವಿ ಬೀಳುತ್ತಿದ್ದರೆ, ಒಮ್ಮೆ ಬಗ್ಗಿ ನೆಲವನ್ನೂ ನೋಡುವುದು ಬುದ್ಧಿವಂತಿಕೆ.

ಕೊನೆಯದಾಗಿ ನಿಮಗೊಂದು ಕೆಲಸ. ನಿಮ್ಮ ಶಾಲೆಯ ಅಥವಾ ಕಾಲೇಜಿನ ಮುಂದಿನ ರಸ್ತೆಯ ಬದಿಯಲ್ಲಿ, ಸುರಕ್ಷಿತವಾದ ಜಾಗದಲ್ಲಿ, ಗೆಳೆಯರೊಡನೆ ಒಂದು ಗಂಟೆ ನಿಲ್ಲಿ. ತಪ್ಪಾಗಿ ಹೋದ ವಾಹನಗಳನ್ನು ಬರೆದುಕೊಳ್ಳಿ. ಸರಿಯಾಗಿ ಹೋದವನ್ನೂ ಮರೆಯದೆ ಬರೆದುಕೊಳ್ಳಿ. ಆಮೇಲೆ, ತಪ್ಪು ನಡೆದ ಜಾಗದಲ್ಲಿ ರಸ್ತೆ ಹೇಗಿದೆ ನೋಡಿ. ನಾನು ಆ ದಿನ ಖಾಲಿ ಬಿಟ್ಟ ಪುಟವನ್ನು ನೀವು ತುಂಬಿದಂತಾಗುತ್ತದೆ.