ರಾಮನಗರದ ಮಣಿಸರದಿಂದ ಮಾಲಾ ಗುಳಿಗೆಯವರೆಗೆ

ಬನಶಂಕರಿ, ಬಿಟಿಎಂ ಲೇಔಟ್ ಕಡೆ ಮನೆಗೆಲಸಕ್ಕೆ, ಗಾರ್ಮೆಂಟ್ಸ್‌ಗೆ ಹೋದ ನಮ್ಮೂರ ಹೆಣ್ಣುಮಕ್ಕಳು ಮೆಡಿಕಲ್ ಸ್ಟೋರಿನಲ್ಲಿ ತಗ್ಗಿದ ದನಿಯಲ್ಲಿ ಕೇಳಿ ಪಡೆಯುವ ಗುಳಿಗೆಯ ಹಿಂದೆ ಒಂದು ಹಳೆಯ ಕತೆಯಿದೆ. ಅದು ಶುರುವಾದದ್ದು ನಮ್ಮ ನೆಲದಲ್ಲೇ.

1930ರ ಜೂನ್ 11ರಂದು ಮೈಸೂರು ಸರ್ಕಾರ ತನ್ನ ದೊಡ್ಡಾಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆಯಲು ಆದೇಶಿಸಿತು. ನಾಲ್ವಡಿ ಕೃಷ್ಣರಾಜ ಒಡೆಯರು ಅರಸರು, ಮಿರ್ಜಾ ಇಸ್ಮಾಯಿಲ್ ದಿವಾನರು. ಸರ್ಕಾರವೊಂದು ಹೀಗೆ ಮಾಡಿದ್ದು ಜಗತ್ತಿನಲ್ಲೇ ಮೊದಲು ಎನ್ನುತ್ತಾರೆ. ಗುಳಿಗೆ ಆಗಿನ್ನೂ ಹುಟ್ಟಿರಲಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ ಕೇಂದ್ರ ಆರೋಗ್ಯ ಮಂತ್ರಿ ರಾಜಕುಮಾರಿ ಅಮೃತ್ ಕೌರ್. ಗಾಂಧೀಜಿಯ ಶಿಷ್ಯೆಯಾದ ಅವರಿಗೆ ಕೃತಕ ವಿಧಾನ ಒಪ್ಪಿಗೆಯಿರಲಿಲ್ಲ. ಹಾಗಾಗಿ 1952ರ ಸುಮಾರಿಗೆ ಅಮೆರಿಕದ ವೈದ್ಯ ಅಬ್ರಹಾಂ ಸ್ಟೋನ್ ಸಲಹೆಯಂತೆ ರಾಮನಗರದಲ್ಲಿ (ಈಗಿನ ಬೆಂಗಳೂರು ದಕ್ಷಿಣ ಜಿಲ್ಲೆ) ಹೆಂಗಸರ ಕೈಗೆ ಬಣ್ಣದ ಮಣಿಸರ ಕೊಟ್ಟರು. ದಿನಕ್ಕೊಂದು ಮಣಿ ಸರಿಸಬೇಕು. ಹಸಿರು ಬಂದರೆ ಭಯವಿಲ್ಲ, ಕೆಂಪು ಬಂದರೆ ಗಂಡನಿಂದ ದೂರ. ಮಣಿಯೇನೋ ಸರಿಯುತ್ತದೆ, ಗಂಡ ಕೇಳಬೇಕಲ್ಲ! ಮುಟ್ಟು ಎಲ್ಲರಿಗೂ ಲೆಕ್ಕದಂತೆ ಬರುವುದೂ ಇಲ್ಲ. ಪ್ರಯೋಗ ಕೈಗೂಡಲಿಲ್ಲ.

1960ರಲ್ಲಿ ಅಮೆರಿಕದಲ್ಲಿ ಗುಳಿಗೆಗೆ ಅನುಮತಿ ಸಿಕ್ಕಿತು. ಅದರಲ್ಲಿ ಈಸ್ಟ್ರೋಜನ್ 150 ಮೈಕ್ರೋಗ್ರಾಂ ಇತ್ತು. ಕೆಲವರಿಗೆ ಕಾಲಲ್ಲಿ, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದ ಮೇಲೆ ಪ್ರಮಾಣ ಇಳಿಯುತ್ತ ಬಂತು. ಇಂದು ಆಶಾ ಕಾರ್ಯಕರ್ತೆಯರು ಕೊಡುವ ಮಾಲಾ-ಎನ್‌ನಲ್ಲಿ ಇರುವುದು 30. ಚೀಟಿಯ 28 ಗುಳಿಗೆಗಳಲ್ಲಿ 21 ಹಾರ್ಮೋನಿನವು, ಉಳಿದ 7 ಬರೀ ಕಬ್ಬಿಣಾಂಶ.

ತಪ್ಪದೆ ನುಂಗಿದರೆ ಗುಳಿಗೆ ಕೈಕೊಡುವುದು ಅಪರೂಪ. ಸ್ರಾವ, ಹೊಟ್ಟೆನೋವು ಕಡಿಮೆಯಾಗುತ್ತವೆ, ಅಂಡಾಶಯದ ಕ್ಯಾನ್ಸರ್ ಅಪಾಯವೂ ತಗ್ಗುತ್ತದೆ. ಮಗು ಬೇಕೆನಿಸಿದಾಗ ನಿಲ್ಲಿಸಿದರಾಯಿತು. ಆದರೆ ಮೊದಲ ತಿಂಗಳುಗಳಲ್ಲಿ ವಾಕರಿಕೆ, ತಲೆನೋವು, ನಡುನಡುವೆ ರಕ್ತ ಕಾಣುವುದು ಉಂಟು. ಬಿಪಿ ಹೆಚ್ಚಿರುವವರು, ರಕ್ತ ಹೆಪ್ಪುಗಟ್ಟಿದ್ದವರು, ಆರು ತಿಂಗಳೊಳಗಿನ ಕೂಸಿಗೆ ಹಾಲೂಡಿಸುವವರು ಇದನ್ನು ತೆಗೆದುಕೊಳ್ಳಬಾರದು. ಅಂಗಡಿಯ ಗಲ್ಲೆಯಲ್ಲಿ ಬಿಪಿ ನೋಡುವವರು ಯಾರು? ನಮಗೆ ಭಯವಿರುವುದು ಗುಳಿಗೆಯ ಬಗ್ಗೆಯಲ್ಲ, ಹೀಗೆ ಕೇಳದೆ ಹೇಳದೆ ನುಂಗುವುದರ ಬಗ್ಗೆ.

2017ರಿಂದ ಸರ್ಕಾರ ಕೊಡುತ್ತಿರುವ ಅಂತರಾ ಚುಚ್ಚುಮದ್ದು ಮೂರು ತಿಂಗಳಿಗೊಂದು. ಅದರಿಂದ ಮುಟ್ಟು ಏರುಪೇರಾಗಬಹುದು, ನಿಂತೂ ಹೋಗಬಹುದು. ಇದನ್ನು ಮೊದಲೇ ಹೇಳದಿದ್ದರೆ ಹೆಣ್ಣುಮಗಳು ಬಸಿರಾದೆನೆಂದು ಹೆದರುತ್ತಾಳೆ. ಬಿಟ್ಟ ಮೇಲೂ ಗರ್ಭ ನಿಲ್ಲಲು ಕೆಲವು ತಿಂಗಳು ತಡ.

ಇಷ್ಟೆಲ್ಲ ದಾರಿಯಿದ್ದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಿವಾಹಿತೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆಪರೇಷನ್ ಮಾಡಿಸಿಕೊಂಡವರು. ಗಂಡಸರ ಆಪರೇಷನ್ನಿಗೆ ಹೊಟ್ಟೆ ಕೊಯ್ಯಬೇಕಿಲ್ಲ, ಅಂದೇ ಮನೆಗೆ ನಡೆದು ಬರಬಹುದು. ಮಾಡಿಸಿಕೊಂಡವರು ನೂರಕ್ಕೆ ಒಬ್ಬರೂ ಇಲ್ಲ.